ಅರ್ಜಿಯೇ ಒಳಗೆ ಹೋಗದಿದ್ದರೆ

ಮಾನ್ಯ ಸಂಪಾದಕರೆ,

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಿರಸಿಯ ನಮ್ಮ ಮನೆಗೆ ಬಂದಿದ್ದಳು. ಯಲ್ಲಾಪುರ ತಾಲೂಕಿನ ಕಾಡಂಚಿನ ಊರಿನ, ಆಫ್ರಿಕನ್ ಮೂಲದ ಸಿದ್ದಿ ಸಮುದಾಯದ ಹುಡುಗಿ. ನರ್ಸಿಂಗ್ ಓದಬೇಕೆಂದಿದ್ದಾಳೆ, ಅದಕ್ಕೆ ಜಾತಿ ಪ್ರಮಾಣಪತ್ರ ಬೇಕು. ಬೆಳಗಿನ ಮೊದಲ ಬಸ್ಸು ಹಿಡಿದು ಹೋಗಿ, ನಾಡಕಚೇರಿಯ ಬಾಗಿಲು ತೆಗೆಯುವ ಮೊದಲೇ ಸಾಲಿನಲ್ಲಿ ನಿಂತಿದ್ದಳಂತೆ. ಕಿಟಕಿಯ ಆಚೆ ಕೂತವರು ಅರ್ಜಿಯ ಮೇಲಿದ್ದ ಹೆಸರು ನೋಡಿದರು. "ನೀನು ಕ್ರಿಶ್ಚಿಯನ್ ಅಲ್ವಾ ತಂಗಿ? ಕ್ರಿಶ್ಚಿಯನ್ನರಿಗೆ ಎಸ್‌ಟಿ ಹ್ಯಾಗೆ ಬರ್ತದೆ?" ಎಂದು ಕಾಗದಗಳನ್ನು ಹಿಂದಕ್ಕೆ ತಳ್ಳಿದರು. ಅಪ್ಪನ ಪ್ರಮಾಣಪತ್ರವೂ ಅವಳ ಫೈಲಿನಲ್ಲೇ ಇತ್ತು. ಅದನ್ನು ಬಿಡಿಸಿ ನೋಡಲೂ ಇಲ್ಲ. ಅವಳು ನನ್ನನ್ನು ಕೇಳಿದ್ದು ಒಂದೇ ಮಾತು: "ಅಕ್ಕೋರೆ, ನಾನೇ ತಪ್ಪು ತಿಳಿದಿದ್ನಾ?"

ಅವಳು ತಪ್ಪು ತಿಳಿದಿರಲಿಲ್ಲ. ನಮ್ಮ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಸಿದ್ದಿಯರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಪಟ್ಟಿ ಇವರಲ್ಲಿ ಯಾರನ್ನೂ ಬೇರೆ ಮಾಡಿಲ್ಲ. ಧರ್ಮದ ಷರತ್ತು ಇರುವುದು ಪರಿಶಿಷ್ಟ ಜಾತಿಗಳಿಗೆ ಸಂಬಂಧಿಸಿದ 1950ರ ಆದೇಶದಲ್ಲಿ. ಅಲ್ಲಿ ಮೊದಲು ಹಿಂದೂಗಳಿಗೆ ಮಾತ್ರ ಎಂದಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಪರಿಶಿಷ್ಟ ಪಂಗಡಗಳಿಗೆ ಅಂಥ ಷರತ್ತು ಯಾವತ್ತೂ ಇರಲಿಲ್ಲ. ಕಿಟಕಿಯಲ್ಲಿ ಕೂತವರು ಒಂದು ಪಟ್ಟಿಯ ನಿಯಮವನ್ನು ಇನ್ನೊಂದಕ್ಕೆ ಹಚ್ಚಿದರು. ತಿಳಿಯದೆ ಮಾಡಿರಬಹುದು. ಆದರೆ ಅವರಿಗೆ ತಿಳಿಯದ್ದಕ್ಕೆ ಬಸ್ಸಿನ ದುಡ್ಡು, ಒಂದು ದಿನದ ಕೂಲಿ, ಕಡೆಗೆ ಒಂದು ಸೀಟನ್ನೇ ಕಳೆದುಕೊಳ್ಳುವವಳು ಈ ಹುಡುಗಿ.

ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು ಬೇರೆ ಸಂಗತಿ. ಆ ಕಚೇರಿಯ ಯಾವ ದಾಖಲೆಯಲ್ಲೂ ಅವಳು ಅಲ್ಲಿಗೆ ಹೋಗಿದ್ದೇ ಇಲ್ಲ. 2011ರ ಸಕಾಲ ಕಾಯ್ದೆ ಒಳ್ಳೆಯ ಕಾಯ್ದೆ. ಅರ್ಜಿ ಕೊಟ್ಟವರಿಗೆ ನಂಬರು ಕೊಡಬೇಕು, ಇಂತಿಷ್ಟು ದಿನದೊಳಗೆ ಕೆಲಸ ಮಾಡಬೇಕು, ಆಗದಿದ್ದರೆ ಕಾರಣ ಬರೆದು ತಿಳಿಸಬೇಕು, ಮೇಲ್ಮನವಿಗೆ ದಾರಿ ಇರಬೇಕು. ಆದರೆ ನಂಬರು ಹುಟ್ಟುವುದು ಅರ್ಜಿ ಒಳಗೆ ಹೋದ ಮೇಲೆ. ಬಾಯಿಮಾತಿನಲ್ಲೇ ತಿರುಗಿಸಿ ಕಳಿಸಿದವರಿಗೆ ನಂಬರೂ ಇಲ್ಲ, ಕಾರಣವೂ ಇಲ್ಲ, ಮೇಲ್ಮನವಿಯೂ ಇಲ್ಲ. ತಿಂಗಳ ಕೊನೆಗೆ ಬಾಕಿ ಅರ್ಜಿಗಳ ಲೆಕ್ಕ ತೆಗೆದರೆ ಆ ಕಚೇರಿಯದು ಸೊನ್ನೆ ಎಂದೇ ಬರುತ್ತದೆ.

ನಾನು ಇಪ್ಪತ್ತೊಂಬತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಸಂವಿಧಾನದ 14ನೇ ವಿಧಿಯನ್ನು ಪ್ರತಿ ವರ್ಷ ಹಲಗೆಯ ಮೇಲೆ ಬರೆಸುತ್ತಿದ್ದೆ: ಕಾನೂನಿನ ಮುಂದೆ ಸಮಾನತೆ, ಕಾನೂನಿನ ಸಮಾನ ರಕ್ಷಣೆ. ಎರಡನೆಯ ಮಾತು ಎಲ್ಲಿಂದ ಬಂತೆಂದು ಆಗ ಮಕ್ಕಳಿಗೆ ಹೇಳಲಿಲ್ಲ. ಹೇಳಬೇಕಿತ್ತು, ಏಕೆಂದರೆ ಕೊನೆಯ ಬೆಂಚಿನಲ್ಲಿ ಕೂತಿದ್ದ ಸಿದ್ದಿ ಮಕ್ಕಳಿಗೆ ಅದರಲ್ಲಿ ಎಲ್ಲರಿಗಿಂತ ಹತ್ತಿರದ ಸಂಬಂಧವಿತ್ತು. 1857ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ ಒಂದು ತೀರ್ಪು ಕೊಟ್ಟಿತು. ಗುಲಾಮರಾಗಿ ತರಲಾದ ಆಫ್ರಿಕನ್ನರ ಸಂತತಿಯವರು, ಈಗ ಸ್ವತಂತ್ರರಾಗಿದ್ದರೂ ಸರಿಯೆ, ಆ ದೇಶದ ಪ್ರಜೆಗಳಾಗಲಾರರು ಎಂದಿತು. ಅಂತರ್ಯುದ್ಧವೇ ನಡೆದುಹೋದ ಮೇಲೆ, 1868ರಲ್ಲಿ 14ನೇ ತಿದ್ದುಪಡಿ ಬಂತು. ಅಲ್ಲಿ ಹುಟ್ಟಿದವರು ಅಲ್ಲಿಯ ಪ್ರಜೆಗಳು, ಯಾವ ರಾಜ್ಯವೂ ಯಾವ ವ್ಯಕ್ತಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸಕೂಡದು ಎಂದು ಬರೆದರು. ನಮ್ಮ ಸಂವಿಧಾನ ಬರೆದವರು ಆ ಮಾತನ್ನು ಅಲ್ಲಿಂದ ತಂದರು. ಅದೃಷ್ಟವಶಾತ್ ನಮ್ಮಲ್ಲಿಯೂ ಸಂಖ್ಯೆ 14 ಎಂದೇ ಆಯಿತು.

ಈಗ ನಮ್ಮ ಕಾಡಿನತ್ತ ನೋಡಿ. ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರು ಗೋವೆಗೆ ತಂದು ಮಾರಿದವರಲ್ಲಿ ಹಲವರು ತಪ್ಪಿಸಿಕೊಂಡು ಬಂದು ಸೇರಿದ್ದು ಹಳಿಯಾಳ, ಯಲ್ಲಾಪುರ, ಅಂಕೋಲೆಯ ಇದೇ ಕಾಡುಗಳನ್ನು. ಸಾಗರದ ಆಚೆ ಆಫ್ರಿಕನ್ ಮೂಲದವರಿಗೆಂದೇ ಬರೆದ ಮಾತು ಇಲ್ಲಿ ಅವರದೇ ನೆಲದಿಂದ ಬಂದವರ ಮೊಮ್ಮಕ್ಕಳ ಕೈಗೂ ಸಿಕ್ಕಿತು. ಪಾಠ ಮಾಡುವಾಗ ಇದನ್ನು ನಾನು ಹೇಳಿದ್ದರೆ ಆ ಹುಡುಗಿ ಕಿಟಕಿಯಲ್ಲಿ ಇನ್ನೊಂದು ಕ್ಷಣ ನಿಲ್ಲುತ್ತಿದ್ದಳೇನೋ ಎಂದು ಈಗ ಅನಿಸುತ್ತದೆ.

ಅಮೆರಿಕದಲ್ಲಿಯೂ ಬರೆದ ದಿನವೇ ಎಲ್ಲ ಸರಿಹೋಗಲಿಲ್ಲ. 1896ರಲ್ಲಿ ಅದೇ ಕೋರ್ಟು ರೈಲಿನಲ್ಲಿ ಕರಿಯರಿಗೆ ಬೇರೆ ಡಬ್ಬಿ ಮಾಡುವುದು ತಪ್ಪಲ್ಲ ಎಂದಿತು. ಶಾಲೆಗಳಲ್ಲಿ ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎನ್ನಲು 1954 ಬರಬೇಕಾಯಿತು. ಆದರೆ ಇವೆರಡಕ್ಕೂ ಮೊದಲೇ, 1886ರಲ್ಲಿ ಬಂದ ಒಂದು ತೀರ್ಪನ್ನು ನಮ್ಮ ಕಚೇರಿಗಳ ಪ್ರತಿಯೊಬ್ಬರೂ ಓದಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮರದ ಕಟ್ಟಡದಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಲು ಪರವಾನಿಗೆ ಬೇಕೆಂಬ ನಿಯಮವಿತ್ತು. ನಿಯಮದಲ್ಲಿ ಯಾವ ಜನಾಂಗದ ಹೆಸರೂ ಇರಲಿಲ್ಲ. ಅರ್ಜಿ ಹಾಕಿದ ಸುಮಾರು 200 ಚೀನೀಯರಿಗೆ ಪರವಾನಿಗೆ ಸಿಗಲಿಲ್ಲ. ಉಳಿದ ಸುಮಾರು 80 ಮಂದಿಗೆ ಹೆಚ್ಚುಕಡಿಮೆ ಎಲ್ಲರಿಗೂ ಸಿಕ್ಕಿತು. ಯಿಕ್ ವೋ ಎಂಬ ಅಗಸ ಕೋರ್ಟಿಗೆ ಹೋದ. ಕಾನೂನು ಓದಲು ನ್ಯಾಯವಾಗಿಯೇ ಇದ್ದರೂ ಅದನ್ನು ನಡೆಸುವ ಕೈ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡಿದರೆ ಸಮಾನ ರಕ್ಷಣೆಯನ್ನು ನಿರಾಕರಿಸಿದಂತೆಯೇ ಎಂದು ನ್ಯಾಯಾಧೀಶರು ಒಮ್ಮತದಿಂದ ಹೇಳಿದರು. ಅವನು ಆ ದೇಶದ ಪ್ರಜೆಯೂ ಆಗಿರಲಿಲ್ಲ. ನಮ್ಮ 14ನೇ ವಿಧಿಯೂ "ಯಾವ ವ್ಯಕ್ತಿಗೂ" ಎನ್ನುತ್ತದೆ, "ಯಾವ ಪ್ರಜೆಗೂ" ಎನ್ನುವುದಿಲ್ಲ.

ಪ್ರಜೆ ಎಂಬ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಇದೇ ಹುಡುಗಿ ಪರೀಕ್ಷೆಗೆಂದು ಬೆಂಗಳೂರಿಗೆ ಹೋದಾಗ ಲಾಡ್ಜೊಂದರಲ್ಲಿ ಪಾಸ್‌ಪೋರ್ಟು ಕೇಳಿದರಂತೆ. ಆಧಾರ್ ಕಾರ್ಡು ತೋರಿಸಿ, ಅಚ್ಚಕನ್ನಡದಲ್ಲಿ ಮಾತಾಡಿದರೂ ನಂಬಲಿಲ್ಲ. ನಮ್ಮ ಸಂವಿಧಾನದಲ್ಲಿ ಪೌರತ್ವದ ವಿಧಿಗಳು ಜಾರಿಗೆ ಬಂದದ್ದು 1950ರ ಜನವರಿ 26ಕ್ಕಲ್ಲ, ಅದಕ್ಕೂ ಎರಡು ತಿಂಗಳು ಮೊದಲು, 1949ರ ನವೆಂಬರ್ 26ಕ್ಕೆ. ಅವಳ ಅಜ್ಜ ಅಜ್ಜಿಯರು ಅಂದೇ, ನಮ್ಮ ನಿಮ್ಮ ಹಿರಿಯರ ಜೊತೆಗೇ, ಯಾವ ಅರ್ಜಿಯನ್ನೂ ಬರೆಯದೆ ಭಾರತದ ಪ್ರಜೆಗಳಾದರು. ಮಾಜಾಳಿ ದಾಟಿದರೆ ಸಿಗುವ ಗೋವೆಯ ನಮ್ಮ ನೆಂಟರಿಷ್ಟರು 1961ರ ಡಿಸೆಂಬರ್‌ವರೆಗೆ ಪೋರ್ಚುಗಲ್ಲಿನ ಆಡಳಿತದಲ್ಲಿದ್ದರು. ಅವರು ಭಾರತೀಯರಾದದ್ದು 1962ರ ಆದೇಶದಿಂದ. ಕಾರವಾರದ ಎಷ್ಟು ಮನೆಗಳಿಗೆ ಅಲ್ಲಿಂದ ಸೊಸೆಯರು ಬಂದಿಲ್ಲ! ಅವರ ಪಾಸ್‌ಪೋರ್ಟನ್ನು ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಹನ್ನೆರಡು ವರ್ಷ ಮೊದಲೇ ಪ್ರಜೆಗಳಾದವರ ಮೊಮ್ಮಗಳನ್ನು ಕೇಳುತ್ತಾರೆ, ಮೈಬಣ್ಣ ಮತ್ತು ಕೂದಲು ನೋಡಿ. ಅಂಗಡಿ, ಹೋಟೆಲುಗಳಲ್ಲಿ ಜನಾಂಗದ ಕಾರಣಕ್ಕೆ ಪ್ರಜೆಯನ್ನು ತಡೆಯಬಾರದೆಂದು 15ನೇ ವಿಧಿಯಲ್ಲಿ ಬರೆದೇ ಇದೆ.

ಪಟ್ಟಿಯಲ್ಲಿಯೂ ಕೊರತೆಗಳಿವೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಸೇರಿದರು; ಗಡಿಯಾಚೆ ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿದ್ದ ಅವರದೇ ದಾಯಾದಿಗಳು 2020ರವರೆಗೆ ಕಾಯಬೇಕಾಯಿತು. ಗೋವೆಯ ಕುಣಬಿಯರು ಪರಿಶಿಷ್ಟ ಪಂಗಡದವರು, ನಮ್ಮ ಜಿಲ್ಲೆಯ ಜೊಯಿಡಾದ ಕುಣಬಿಯರು ಅಲ್ಲ. ಹಾಲಕ್ಕಿ ಒಕ್ಕಲಿಗರಲ್ಲಿ ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಪದ್ಮಶ್ರೀ ಪಡೆದು ತೀರಿಕೊಂಡೂ ಆಯಿತು, ಪಟ್ಟಿಗೆ ಸೇರಿಸಿ ಎಂಬ ಸಮುದಾಯದ ಬೇಡಿಕೆ ಇನ್ನೂ ಬೇಡಿಕೆಯಾಗಿಯೇ ಇದೆ. ಇವೆಲ್ಲ ಸಂಸತ್ತು ತೀರ್ಮಾನಿಸಬೇಕಾದವು, ಒಂದು ಪತ್ರದಲ್ಲಿ ಮುಗಿಯುವಂಥವಲ್ಲ.

ಕಿಟಕಿಯದು ಹಾಗಲ್ಲ. ಅದಕ್ಕೆ ಹೊಸ ಕಾನೂನು ಬೇಡ. ಜಿಲ್ಲಾಡಳಿತಕ್ಕೆ ನನ್ನ ವಿನಂತಿ ಇಷ್ಟೆ: ಯಾವ ನಾಡಕಚೇರಿಯಲ್ಲಿಯೂ ಅರ್ಜಿಯನ್ನು ತೆಗೆದುಕೊಳ್ಳದೆ ಯಾರನ್ನೂ ತಿರುಗಿಸಿ ಕಳಿಸಬಾರದೆಂದು ಲಿಖಿತ ಆದೇಶ ಹೊರಡಿಸಲಿ. ಕೊಡಲಾಗದು ಎನ್ನುವುದಿದ್ದರೆ ಏಕೆಂದು ಬರೆದು, ಸಹಿ ಮಾಡಿ ಕೊಡಲಿ. ಸಿದ್ದಿಯರ ಪರಿಶಿಷ್ಟ ಪಂಗಡದ ಪ್ರಮಾಣಪತ್ರಕ್ಕೆ ಧರ್ಮ ಅಡ್ಡಿಯಲ್ಲ ಎಂಬ ಒಂದು ಸಾಲನ್ನು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ, ಶಿರಸಿಯ ಕಚೇರಿಗಳ ಗೋಡೆಗೆ ಎಲ್ಲರಿಗೂ ಕಾಣುವಂತೆ ಬರೆಸಲಿ. ಕಿಟಕಿಯ ಈಚೆ ನಿಂತವರಿಗೂ ಅದು ಕಾಣಬೇಕು, ಆಚೆ ಕೂತವರಿಗೂ.

ಬರುವ ಸೋಮವಾರ ಆ ಹುಡುಗಿ ಮತ್ತೆ ಅದೇ ಕಚೇರಿಗೆ ಹೋಗುತ್ತಾಳೆ. ನಾನೂ ಜೊತೆಗೆ ಹೋಗುತ್ತೇನೆ. ಆದರೆ ಅವಳ ಊರಿನಲ್ಲಿ ಅವಳ ಓರಗೆಯ ಇನ್ನೂ ನಾಲ್ವರು ಮಕ್ಕಳಿದ್ದಾರಂತೆ, ಅವರ ಜೊತೆ ಹೋಗುವವರು ಯಾರೂ ಇಲ್ಲ.

— ನಿವೃತ್ತ ಶಿಕ್ಷಕಿ, ಶಿರಸಿ