ಎಬನಿ ನೆಡಿ, ಆದರೆ ಹಣದ ಲೆಕ್ಕ ಹಾಕಿ ನೆಡಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಕೃಷಿ ಪುಟದ ಪ್ರಶ್ನೋತ್ತರ ಓದಿದೆ. 'ಆಫ್ರಿಕನ್ ಎಬನಿ ಬೀಜ ತರಿಸಿದ್ದೇನೆ, ಹೇಗೆ ಬೆಳೆಸಲಿ?' ಎಂದು ಓದುಗರೊಬ್ಬರು ಕೇಳಿದ್ದರು. ದಿನಾ ನೀರು ಕೊಡಿ, ಗೊಬ್ಬರ ಹಾಕಿ, ಹದಿನೈದು ವರ್ಷಕ್ಕೆ ಕಪ್ಪು ಮರ ಕಡಿದು ಮಾರಬಹುದು ಎನ್ನುವ ಅರ್ಥದ ಉತ್ತರ ಅಲ್ಲಿತ್ತು. ಓದಿ ಸುಮ್ನೆ ಇರಲು ಆಗಲಿಲ್ಲ.

ನಾನು ಜಾಂಬಿಯಾದ ಪೂರ್ವ ಪ್ರಾಂತ್ಯದ ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮಕ್ಕಳನ್ನು ಕಟ್ಟಿಕೊಂಡು ಶಾಲೆಯ ಬಯಲಿನಲ್ಲಿ ಈ ಮರದ ಸಸಿ ಬೆಳೆಸುವುದು ಪಾಠದಷ್ಟೇ ಇಷ್ಟದ ಕೆಲಸ. ಆ ಉತ್ತರ ನಂಬಿ ಯಾರಾದರೂ ಜಮೀನು ಮೀಸಲಿಟ್ಟು, ಮಕ್ಕಳ ಓದಿಗೆ ಆಗುತ್ತದೆ ಅಂತ ಕಾದು ಕೂತರೆ ಏನು ಗತಿ ಎಂಬ ಚಿಂತೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಓದುಗರು ತಮ್ಮ ಕೈಯಲ್ಲಿರುವ ಬೀಜ ಯಾವ ಮರದ್ದು ಅಂತ ತಿಳಿದುಕೊಳ್ಳಬೇಕು. ಆಫ್ರಿಕನ್ ಎಬನಿ ಅಂತ ಮಾರಾಟವಾಗುವುದು ಒಂದೇ ಮರವಲ್ಲ. ಕ್ಯಾಮರೂನ್, ಗೇಬನ್, ಕಾಂಗೋ ಕಡೆಯ ದಟ್ಟ ಮಳೆಕಾಡಿನಲ್ಲಿ ಬೆಳೆಯುವುದು ಡಯೋಸ್ಪೈರಸ್ ಕ್ರಾಸಿಫ್ಲೋರಾ. ಪಿಟೀಲು, ಗಿಟಾರ್‌ಗಳ ಮೇಲೆ ಬೆರಳು ಓಡಾಡುವ ಕಪ್ಪು ಪಟ್ಟಿಗೆ ಬಳಸುವ ಮರ ಅದು. ನಮ್ಮ ಸುತ್ತ ಇರುವುದು ಡಯೋಸ್ಪೈರಸ್ ಮೆಸ್ಪಿಲಿಫಾರ್ಮಿಸ್. ಸೆನೆಗಲ್‌ನಿಂದ ಇಥಿಯೋಪಿಯಾವರೆಗೆ, ಅಲ್ಲಿಂದ ಕೆಳಗೆ ದಕ್ಷಿಣ ಆಫ್ರಿಕಾದ ಉತ್ತರ ಭಾಗದವರೆಗೆ ಹುಲ್ಲುಗಾಡಿನಲ್ಲೂ ನದಿ ದಂಡೆಯಲ್ಲೂ ಬೆಳೆಯುತ್ತದೆ. ಇಂಗ್ಲಿಷ್ ಮಾತಾಡುವವರು ಜಾಕಲ್‌ಬೆರಿ ಎನ್ನುತ್ತಾರೆ, ನಮ್ಮ ಶಾಲೆಯ ಮಕ್ಕಳು ನ್ಯಾಂಜಾ ಭಾಷೆಯಲ್ಲಿ ಮುಚೆಂಜ ಎನ್ನುತ್ತಾರೆ. ಟಾಂಜಾನಿಯಾದ ಎಂಪಿಂಗೋ ಮರವನ್ನೂ ಕೆಲವರು ಎಬನಿ ಎಂದೇ ಮಾರುತ್ತಾರೆ. ಕ್ಲಾರಿನೆಟ್ ಮಾಡುವುದು ಅದರಿಂದ. ಆದರೆ ಅದು ಬೀಟೆ ಮರದ ಕುಲದ್ದು, ಮೊದಲು ಹೇಳಿದ ಎರಡು ಮರಗಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಒಂದಕ್ಕೆ ನೆರಳು ಬೇಕು, ಇನ್ನೊಂದಕ್ಕೆ ಬಿಸಿಲು ಬೇಕು. ಹಾಗಾಗಿ ಪೊಟ್ಟಣದ ಮೇಲೆ ಸಸ್ಯಶಾಸ್ತ್ರದ ಪೂರ್ತಿ ಹೆಸರು ಇಲ್ಲದಿದ್ದರೆ ಆ ಬೀಜ ಕೊಳ್ಳಲೇಬಾರದು.

ನಾನು ಬೆಳೆಸುವುದು ಮುಚೆಂಜ. ಅದರ ಬಗ್ಗೆ ಧೈರ್ಯವಾಗಿ ಹೇಳಬಲ್ಲೆ.

ಇದರ ಹಣ್ಣು ಒಣಗಾಲದಲ್ಲಿ ಮಾಗುತ್ತದೆ. ದೊಡ್ಡ ಗೋಲಿಯಷ್ಟು ಗಾತ್ರ, ಹಳದಿ ಬಣ್ಣ, ತೊಟ್ಟಿನ ಹತ್ತಿರ ಅಂಚು ಮುದುಡಿದ ಗಟ್ಟಿ ಟೋಪಿ. ಸಿಪ್ಪೆ ಬಿರುಸು. ಒಳಗಿನ ತಿರುಳು ಸಿಹಿ, ಹಿಂದೆಯೇ ಒಂಚೂರು ನಿಂಬೆಯ ಹುಳಿ, ನಾಲಿಗೆಗೆ ಸುಣ್ಣದ ಪುಡಿ ತಾಗಿದ ಹಾಗೆ. ಮಕ್ಕಳು ಜೇಬು ತುಂಬಿಸಿಕೊಂಡು ತರಗತಿಗೆ ಬರುತ್ತಾರೆ. ತಿಂದ ಮೇಲೆ ಬೀಜ ನನಗೆ ಕೊಡಬೇಕು ಅಂತ ಕರಾರು ಮಾಡಿಟ್ಟಿದ್ದೇನೆ. ಕಂದು ಬಣ್ಣದ, ನುಣುಪಾದ, ತುಸು ಚಪ್ಪಟೆ ಬೀಜ. ಅಂಟಿದ ತಿರುಳನ್ನು ಪೂರ್ತಿ ತೊಳೆದು ತೆಗೆಯಬೇಕು. ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ, ಇರುವೆ ಮುತ್ತುತ್ತದೆ. ಆಮೇಲೆ ತಡ ಮಾಡದೆ ಬಿತ್ತುವುದು ಒಳ್ಳೆಯದು. ಅಂಗಡಿಯಲ್ಲಿ ಒಣಗಿ ಕೂತ ಹಳೇ ಬೀಜಕ್ಕಿಂತ ಮರದಡಿ ಈಗಷ್ಟೇ ಬಿದ್ದ ಹಣ್ಣಿನ ಬೀಜ ಎಷ್ಟೋ ಮೇಲು.

ಎಲ್ಲಕ್ಕಿಂತ ಮುಖ್ಯವಾದದ್ದು ಚೀಲ. ಈ ಗಿಡ ಮೇಲೆ ಬೆಳೆಯುವ ಮೊದಲು ಕೆಳಗೆ ಬೆಳೆಯುತ್ತದೆ. ಮೇಲೆ ನಾಲ್ಕೇ ಎಲೆ ಇರುತ್ತದೆ, ಕೆಳಗೆ ತಾಯಿಬೇರು ಚೀಲದ ತಳ ಮುಟ್ಟಿ ಸುತ್ತು ಹಾಕಲು ಶುರು ಮಾಡಿರುತ್ತದೆ. ಸುತ್ತಿಕೊಂಡ ಬೇರಿನ ಗಿಡ ನೆಟ್ಟರೆ ಮುಂದೆ ಸೊರಗುತ್ತದೆ. ತಾಯಿಬೇರು ಮುರಿದರಂತೂ ಮೊದಲ ಒಣಗಾಲ ದಾಟುವುದೇ ಕಷ್ಟ. ಆದ್ದರಿಂದ ಕಿರಿದಾದ ಆದರೆ ಉದ್ದನೆಯ ಚೀಲ ಬೇಕು. ನಾವು ಹಳೆಯ ಗೊಬ್ಬರದ ಚೀಲಗಳನ್ನು ಉದ್ದಕ್ಕೆ ಸೀಳಿ ಕೊಳವೆಯ ಹಾಗೆ ಹೊಲಿದುಕೊಳ್ಳುತ್ತೇವೆ. ಅದಕ್ಕೆ ಹೊಳೆ ಮರಳು, ಕಳಿತ ಎಲೆಗೊಬ್ಬರ, ಜೊತೆಗೆ ಹಳೆಯ ಹುತ್ತದ ಮಣ್ಣನ್ನು ಪುಡಿ ಮಾಡಿ ತುಂಬುತ್ತೇವೆ.

ಹುತ್ತದ ಮಣ್ಣೇ ಯಾಕೆ ಅಂತ ಕೇಳಬಹುದು. ನಮ್ಮ ಕಡೆಯ ಲುವಾಂಗ್ವಾ ನದಿಯ ಕಣಿವೆಗೆ ಹೋದರೆ ಇದಕ್ಕೆ ಉತ್ತರ ಕಣ್ಣಿಗೇ ಬೀಳುತ್ತದೆ. ಬಯಲಲ್ಲಿ ಎಲ್ಲಿ ದೊಡ್ಡ ಗೆದ್ದಲು ಹುತ್ತ ಇದೆಯೋ ಅದರ ನೆತ್ತಿ ಸೀಳಿಕೊಂಡು ಒಂದು ಎಬನಿ ನಿಂತಿರುತ್ತದೆ. ಗೆದ್ದಲು ಆಳದಿಂದ ತಂದ ಜೇಡಿ ಮಣ್ಣಲ್ಲಿ ಸತ್ವ ಜಾಸ್ತಿ, ತೇವವೂ ನಿಲ್ಲುತ್ತದೆ. ಹುತ್ತದೊಳಗಿನ ದಾರಿಗಳಿಂದ ಬೇರಿಗೆ ಗಾಳಿ ಸಿಗುತ್ತದೆ. ಮಳೆಗಾಲದಲ್ಲಿ ಬಯಲೆಲ್ಲ ನೀರು ನಿಂತರೂ ಹುತ್ತದ ಮೇಲಿನ ಗಿಡ ಮುಳುಗುವುದಿಲ್ಲ. ಇನ್ನು ಈ ಮರದ ತಿರುಳಿಗೆ ಗೆದ್ದಲು ಸುಲಭವಾಗಿ ಬಾಯಿ ಹಾಕುವುದಿಲ್ಲ. ಎಷ್ಟು ಚೆನ್ನಾಗಿ ಹೊಂದಿಕೊಂಡಿವೆ ನೋಡಿ! ನೆಡುವ ಜಾಗ ಹುಡುಕುವಾಗ ಇದನ್ನೇ ನೆನಪಿಟ್ಟುಕೊಂಡರೆ ಸಾಕು. ಆಳದ ಮಣ್ಣಿರಬೇಕು, ಕೆಳಗೆ ತೇವ ಇರಬೇಕು, ಬುಡದಲ್ಲಿ ಮಾತ್ರ ನೀರು ನಿಲ್ಲಬಾರದು.

ನೆಡುವುದು ಮಳೆ ಹಿಡಿದ ಮೇಲೆ. ನಮ್ಮಲ್ಲಿ ನವೆಂಬರ್‌ನಲ್ಲಿ ಮಳೆ ಶುರುವಾಗಿ ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ, ಆಮೇಲೆ ಹನಿ ಕೂಡ ಇಲ್ಲ. ಆದ್ದರಿಂದ ಮಳೆಯ ಶುರುವಿನಲ್ಲೇ ನೆಟ್ಟು ಬೇರಿಗೆ ಪೂರ್ತಿ ಮಳೆಗಾಲ ಸಿಗುವ ಹಾಗೆ ಮಾಡುತ್ತೇವೆ. ಚೀಲದ ತಳ ಕತ್ತರಿಸಿ, ಮಣ್ಣಿನ ಹೆಂಟೆ ಒಡೆಯದ ಹಾಗೆ ಗುಂಡಿಗೆ ಇಳಿಸಿ, ಆಮೇಲೆ ಚೀಲವನ್ನು ಮೇಲಕ್ಕೆ ಎಳೆಯಬೇಕು. ಮೊದಲ ಕೆಲವು ಒಣಗಾಲಗಳಲ್ಲಿ ದಿನಾ ಚಿಮುಕಿಸುವ ಬದಲು ಬಿಟ್ಟು ಬಿಟ್ಟು ಆಳಕ್ಕೆ ಇಳಿಯುವಂತೆ ನೀರು ಕೊಡಬೇಕು. ಮೇಲ್ಮಣ್ಣು ಮಾತ್ರ ನೆನೆದರೆ ಬೇರು ಮೇಲೇ ಉಳಿದುಬಿಡುತ್ತದೆ. ದಿನಾ ನೀರು ಕೊಡಿ ಎಂಬ ನಿಮ್ಮ ಪುಟದ ಸಲಹೆ ಅದಕ್ಕೇ ತಪ್ಪು. ಬುಡಕ್ಕೆ ಒಣ ಹುಲ್ಲು ಹೊದಿಸಿ, ಆದರೆ ಕಾಂಡಕ್ಕೆ ತಾಗಿಸಬೇಡಿ. ರಾಸಾಯನಿಕ ಗೊಬ್ಬರ ಸುರಿದು ಇದನ್ನು ಓಡಿಸುತ್ತೇನೆ ಅಂದರೆ ಅದು ಓಡುವ ಮರ ಅಲ್ಲ. ಕೊಂಬೆ ಸವರುವ ಕೆಲಸವೂ ಹೆಚ್ಚಿಲ್ಲ. ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆ ಎಳೆ ಗಿಡಕ್ಕೆ ಹುಲ್ಲಿನ ಹೊದಿಕೆ ಬೇಕೇ ಬೇಕು.

ಇಲ್ಲಿ ಸಸಿಗಳನ್ನು ಹೆಚ್ಚು ಕೊಲ್ಲುವುದು ಬೆಂಕಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಒಣ ಹುಲ್ಲಿಗೆ ಬೆಂಕಿ ಬೀಳುತ್ತಲೇ ಇರುತ್ತದೆ. ಕೆಲವು ಸಲ ಹೊಲ ಹಸನು ಮಾಡಲು ಹಚ್ಚಿದ್ದು, ಕೆಲವು ಸಲ ಹೆಗ್ಗಣ ಹಿಡಿಯಲು ಹಚ್ಚಿದ್ದು. ಅದಕ್ಕೇ ಜೂನ್ ಮುಗಿಯುವುದರೊಳಗೆ ಪ್ರತಿ ಸಸಿಯ ಸುತ್ತ ಅಗಲಕ್ಕೆ ಹುಲ್ಲು ಕೆತ್ತಿ ಬರೀ ಮಣ್ಣು ಮಾಡಿಡುತ್ತೇವೆ. ಹುಲ್ಲು ಹೊದಿಕೆಯನ್ನೂ ಆಗ ತೆಗೆದುಬಿಡುತ್ತೇವೆ, ಯಾಕೆಂದರೆ ಕಿಡಿ ಹಾರಿ ಬಂದರೆ ಅದೇ ಉರಿಯುತ್ತದೆ. ಬೆಂಕಿಯ ನಂತರದ ಶತ್ರು ಆಡು. ಸುತ್ತ ಮುಳ್ಳಿನ ಬೇಲಿ ಕಟ್ಟದಿದ್ದರೆ ಚಿಗುರು ಉಳಿಯುವುದಿಲ್ಲ. ಆ ಚಿಗುರನ್ನು ಒಮ್ಮೆ ನೋಡಬೇಕು ನೀವು. ಮಳೆಗೆ ಮುಂಚೆ, ಸುಡುವ ಬಿಸಿಲಲ್ಲಿ, ಕೆಂಪಗೆ ಹೊಳೆಯುತ್ತಾ ಬರುತ್ತದೆ. ಬಲಿತ ಮೇಲೆ ಕಡು ಹಸಿರು.

ಹಣ್ಣು ಬೇಕೆನ್ನುವವರಿಗೆ ಇನ್ನೊಂದು ಮಾತು. ಈ ಮರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡು ಮರದಲ್ಲಿ ಕೆನೆ ಬಣ್ಣದ, ಘಮಘಮ ಹೂವು ಗೊಂಚಲಾಗಿ ಬಿಡುತ್ತದೆ. ಹೆಣ್ಣು ಮರದಲ್ಲಿ ಒಂದೊಂದೇ. ಹಣ್ಣು ಹೆಣ್ಣು ಮರದಲ್ಲಿ ಮಾತ್ರ, ಅದೂ ಹತ್ತಿರದಲ್ಲಿ ಗಂಡು ಮರ ಇದ್ದರೆ. ಸಸಿ ನೋಡಿ ಯಾವುದು ಯಾವುದು ಅಂತ ಹೇಳಲು ಆಗುವುದಿಲ್ಲ, ಹೂವು ಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು. ಒಂದೇ ಒಂದು ಗಿಡ ನೆಡಬೇಡಿ, ನಾಲ್ಕಾರು ನೆಡಿ. ಅಷ್ಟಕ್ಕೂ ಜಾಗ ಬೇಕು, ಏಕೆಂದರೆ ಬಲಿತ ಮರ 25 ಮೀಟರ್‌ವರೆಗೂ ಹೋಗಬಲ್ಲದು. ಮನೆ ಗೋಡೆಗೆ ಒತ್ತಿಕೊಂಡು ನೆಡುವ ಮರ ಇದಲ್ಲ.

ಈಗ ಹಣದ ವಿಷಯಕ್ಕೆ ಬರುತ್ತೇನೆ. ಮುಚೆಂಜದ ತಿರುಳು ಗಟ್ಟಿಮುಟ್ಟು, ಒನಕೆಗೆ, ಪೀಠೋಪಕರಣಕ್ಕೆ, ನೆಲಹಾಸಿಗೆ ಬಹಳ ಒಳ್ಳೆಯದು. ಆದರೆ ಬಣ್ಣ ಸಾಮಾನ್ಯವಾಗಿ ಕೆಂಗಂದು, ಕಡು ಕಂದು, ನಡುನಡುವೆ ಕಪ್ಪು ಗೆರೆ. ವಾದ್ಯ ಮಾಡುವವರು ಹುಡುಕುವ ಅಪ್ಪಟ ಕಪ್ಪು ಇದಲ್ಲ. ಬೋಟ್ಸ್ವಾನಾದ ಒಕಾವಾಂಗೊದಲ್ಲಿ ಮೊಕೊರೊ ಎಂಬ ದೋಣಿಗೆ ಇದರ ನೆಟ್ಟನೆಯ ದೊಡ್ಡ ಬೊಡ್ಡೆಯನ್ನೇ ಕೊರೆಯುತ್ತಿದ್ದರು. ಅಷ್ಟು ದಪ್ಪದ ಮರಗಳು ಉಳಿಯಲಿ ಅಂತ ಈಗ ಅಲ್ಲಿ ಫೈಬರ್‌ಗ್ಲಾಸ್ ದೋಣಿ ಹೆಚ್ಚಾಗಿವೆ. ಒಂದು ದೋಣಿಯಷ್ಟು ದಪ್ಪ ಆಗಲು ಈ ಮರಕ್ಕೆ ಎಷ್ಟು ಕಾಲ ಹಿಡಿಯುತ್ತದೆ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ಸರಿ, ಕಪ್ಪು ಮರವೇ ಬೇಕು, ಕ್ಯಾಮರೂನಿನ ಎಬನಿಯನ್ನೇ ನೆಡೋಣ ಅಂದರೂ ಹದಿನೈದು ವರ್ಷದ ಮಾತು ನಿಲ್ಲುವುದಿಲ್ಲ. ಗಿಟಾರ್ ತಯಾರಿಸುವ ಟೇಲರ್ ಕಂಪನಿ 2011ರಲ್ಲಿ ಪಾಲುದಾರರ ಜೊತೆ ಸೇರಿ ಕ್ಯಾಮರೂನಿನ ಯಾವುಂಡೆಯಲ್ಲಿ ಎಬನಿ ಕೊಯ್ಯುವ ಮಿಲ್ಲು ಕೊಂಡಿತು. ಅಚ್ಚ ಕಪ್ಪು ತಿರುಳಿಗೆ ಮಾತ್ರ ಬೆಲೆ ಇದ್ದದ್ದರಿಂದ ಕಂದು ಗೆರೆ ಇರುವ ಮರಗಳನ್ನು ಕಡಿದು ಕಾಡಲ್ಲೇ ಬಿಟ್ಟು ಬರುತ್ತಿದ್ದದ್ದು ಕಂಪನಿಯ ಬಾಬ್ ಟೇಲರ್‌ಗೆ ಆಗ ತಿಳಿಯಿತು. ಕಡಿದು ನೋಡಿದ ಮೇಲಷ್ಟೇ ಒಳಗಿನ ಬಣ್ಣ ಗೊತ್ತಾಗುವುದು. ಗೆರೆ ಇರುವ ಮರವನ್ನೂ ವಾದ್ಯಕ್ಕೆ ಬಳಸುತ್ತೇವೆ ಎಂದು ಅವರು ಸಾರಿದ್ದು ನನ್ನ ಲೆಕ್ಕದಲ್ಲಿ ದೊಡ್ಡ ಕೆಲಸ. 2016ರಿಂದ ಅದೇ ಕಂಪನಿ ಕಾಂಗೋ ಬೇಸಿನ್ ಇನ್‌ಸ್ಟಿಟ್ಯೂಟ್ ಜೊತೆ ಹಳ್ಳಿಗಳಲ್ಲಿ ಎಬನಿ ಸಸಿ ಮಾಡಿಸಿ ನೆಡಿಸುತ್ತಿದೆ. ಅವರು ಹಳ್ಳಿಯವರಿಗೆ ಎಬನಿಯ ಜೊತೆ ಹಣ್ಣಿನ ಗಿಡಗಳನ್ನೂ ಕೊಡುತ್ತಾರೆ. ಯಾಕೆ? ನೆಟ್ಟವರ ಕೈಗೆ ಎಬನಿಯಿಂದ ದುಡ್ಡು ಬರುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ಹಣ್ಣು ಕೆಲವೇ ವರ್ಷಕ್ಕೆ ಬರುತ್ತದೆ, ಎಬನಿ ಮೊಮ್ಮಕ್ಕಳ ಕಾಲಕ್ಕೆ. ಇಷ್ಟು ಅನುಭವ, ಇಷ್ಟು ವಿಜ್ಞಾನಿಗಳು ಬೆನ್ನಿಗಿದ್ದವರೇ ಬೇಗ ಹಣ ಅನ್ನುತ್ತಿಲ್ಲ.

ಅದಲ್ಲದೆ ಅಲ್ಲಿನ ಮಳೆಕಾಡಲ್ಲಿ ಆ ಮರದ ಬೀಜ ಹರಡುವುದು ಕಾಡಾನೆ. ಲದ್ದಿಯೊಳಗೆ ಬಿದ್ದ ಬೀಜ ಇಲಿ, ಹೆಗ್ಗಣಗಳ ಬಾಯಿಂದ ತಪ್ಪಿಸಿಕೊಳ್ಳುತ್ತದೆ. ದಂತದ ಬೇಟೆಯಿಂದ ಆನೆ ಇಲ್ಲವಾದ ಕಾಡಿನಲ್ಲಿ ಎಳೆಯ ಎಬನಿ ಗಿಡಗಳು ತೀರಾ ಕಡಿಮೆ ಎಂದು ಅಲ್ಲಿ ಕೆಲಸ ಮಾಡುವ ಸಂಶೋಧಕರು ಕಂಡುಕೊಂಡಿದ್ದಾರೆ. ಇದನ್ನು ಪಾಠದಲ್ಲಿ ಹೇಳಿದಾಗ ನನ್ನ ಮಕ್ಕಳಿಗೆ ಆಶ್ಚರ್ಯವೇ ಆಗಲಿಲ್ಲ. ನಮ್ಮ ಮುಚೆಂಜದ ಕೆಳಗೂ ಅವರು ನೋಡುವುದು ಅದನ್ನೇ. ಮೇಲೆ ಬಬೂನ್‌ಗಳು ತಿಂದು ಉದುರಿಸುತ್ತವೆ, ಕೆಳಗೆ ಜಿಂಕೆಗಳು ಹೆಕ್ಕುತ್ತವೆ, ಕತ್ತಲಾದ ಮೇಲೆ ನರಿ ಬರುತ್ತದೆ.

ಇನ್ನು ಬೀಜ ಕಳಿಸಿಕೊಡಿ ಅಂತ ಊರಿನ ಪರಿಚಯದವರು ಆಗಾಗ ಕೇಳುತ್ತಾರೆ. ಲಕೋಟೆಯಲ್ಲಿಟ್ಟು ಕಳಿಸುವ ವಸ್ತು ಅದಲ್ಲ. ಒಂದು ದೇಶದಿಂದ ಇನ್ನೊಂದಕ್ಕೆ ಬೀಜ ಹೋಗಬೇಕಾದರೆ ರೋಗ, ಕೀಟ ಇಲ್ಲ ಎಂಬ ಸಸ್ಯ ಆರೋಗ್ಯ ಪತ್ರ ಬೇಕು, ತರಿಸಿಕೊಳ್ಳುವವರಿಗೆ ಅನುಮತಿ ಬೇಕು. ನಿಮ್ಮ ಓದುಗರು ತರಿಸಿದ ಪೊಟ್ಟಣದ ಜೊತೆ ಆ ಕಾಗದ ಇತ್ತೇ ಎಂದು ಉತ್ತರ ಕೊಟ್ಟವರು ಮೊದಲು ಕೇಳಬೇಕಿತ್ತು.

ಎಬನಿ ನೆಡಬೇಡಿ ಅನ್ನುತ್ತಿಲ್ಲ. ನೆರಳಿಗೆ ನೆಡಿ, ಹಣ್ಣಿಗೆ ನೆಡಿ, ಹಕ್ಕಿಗೆ ನೆಡಿ. ಆಫ್ರಿಕಾದಲ್ಲಿ ಇರುವ ಕನ್ನಡದವರು ಎಷ್ಟೋ ಜನ ನಿಮ್ಮ ಪತ್ರಿಕೆಯನ್ನು ಮೊಬೈಲಿನಲ್ಲೇ ಓದುತ್ತಾರೆ. ಅಂಗಳ ಇದ್ದವರು ಈ ಸಲದ ಹಣ್ಣಿನ ಕಾಲದಲ್ಲೇ ಬೀಜ ಹೆಕ್ಕಿಡಬಹುದು. ಮರ ಕಡಿದು ದುಡ್ಡು ಎಣಿಸುವ ಆಸೆ ಇದ್ದವರು ಮಾತ್ರ ಬೇರೆ ದಾರಿ ನೋಡಿಕೊಳ್ಳಲಿ. ಆ ಹದಿನೈದು ವರ್ಷದ ಸಾಲಿಗೆ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಪ್ರಶ್ನೆ ಕೇಳಿದ ಓದುಗರಿಗೆ ಈ ಪತ್ರ ತಲುಪಿಸಿದರೆ ಇನ್ನೂ ಸಂತೋಷ. ಅವರು ಬೀಜದ ಪೂರ್ತಿ ಹೆಸರು ತಿಳಿಸಿದರೆ, ಅದು ಮುಚೆಂಜವೇ ಆಗಿದ್ದರೆ, ಚೀಲ ಹೊಲಿಯುವುದರಿಂದ ಹಿಡಿದು ಎಲ್ಲವನ್ನೂ ಬರೆದು ಕಳಿಸುತ್ತೇನೆ.

ಇತಿ ನಿಮ್ಮ ಓದುಗರಲ್ಲಿ ಒಬ್ಬಳು,
ಜೀವಶಾಸ್ತ್ರ ಶಿಕ್ಷಕಿ,
ಪೂರ್ವ ಪ್ರಾಂತ್ಯ, ಜಾಂಬಿಯಾ