ಸೌಂಡ್ ಸ್ಲೀಪ್ ಎಂದರೆ

ತೀರ್ಥಹಳ್ಳಿ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಕಾಗದದ ಒಂದು ಸಾಲು ಮಾತ್ರ ನನ್ನನ್ನು ಸುಮ್ಮನೆ ಕೂರಗೊಡುತ್ತಿಲ್ಲ: "ಎಲ್ಲಾ ಪದವೂ ಗೊತ್ತಿತ್ತು ದೊಡ್ಡಪ್ಪ, ಆದ್ರೂ ಅರ್ಥ ತಪ್ಪಾಯ್ತು. ಇಂಗ್ಲಿಷ್ ನನ್ನ ತಲೆಗೆ ಹತ್ತೋದಲ್ಲ." ಇಂಗ್ಲಿಷ್ ಪ್ಯಾಸೇಜಿನಲ್ಲಿದ್ದ 'ಸೌಂಡ್ ಸ್ಲೀಪ್' ಎಂದರೆ ಗೊರಕೆ ಹೊಡೆಯುವ ನಿದ್ದೆ ಎಂದೆಯಂತೆ, ಕ್ಲಾಸೆಲ್ಲ ನಕ್ಕಿತಂತೆ. ನಕ್ಕವರ ಮಾತು ಬಿಡು. ತಲೆಗೆ ಹತ್ತದು ಎಂದು ನೀನೇ ತೀರ್ಮಾನಿಸಿಬಿಟ್ಟೆಯಲ್ಲ, ಅದೇ ನನಗೆ ಸಂಕಟ.

ಪುಟ್ಟೀ, ಸೌಂಡ್ ಎಂಬ ಒಂದೇ ಕಾಗುಣಿತದಲ್ಲಿ ಬೇರೆ ಬೇರೆ ನಾಲ್ಕು ಪದಗಳಿವೆ. ಸದ್ದು ಎಂಬರ್ಥದ್ದು ಲ್ಯಾಟಿನ್ನಿನ 'ಸೋನುಸ್'ನಿಂದ ಫ್ರೆಂಚಿನ ಮೂಲಕ ಬಂತು. ಮೊದಲು ಅದಕ್ಕೆ ಕೊನೆಯ 'ಡ್' ಇರಲೇ ಇಲ್ಲ, ಆಮೇಲೆ ಅಂಟಿಕೊಂಡಿತು. 'ಸೌಂಡ್ ಸ್ಲೀಪ್'ನಲ್ಲಿ ಬರುವ, ಗಟ್ಟಿಮುಟ್ಟಾದ ಎಂಬರ್ಥದ ಸೌಂಡ್ ಇಂಗ್ಲಿಷಿನದೇ ಹಳೆಯ ಪದ. ಅದರ ದಾಯಾದಿ 'ಗೆಜುಂಟ್' ಜರ್ಮನ್ನಿನಲ್ಲಿ ಇಂದಿಗೂ ಆರೋಗ್ಯವಂತ ಎಂಬರ್ಥದಲ್ಲಿದೆ. ಡೆನ್ಮಾರ್ಕ್, ಸ್ವೀಡನ್ನುಗಳ ನಡುವಿನ ಜಲಸಂಧಿಯನ್ನೂ ಸೌಂಡ್ ಎನ್ನುತ್ತಾರೆ, ಅದು ನಾರ್ಸ್ ಎಂಬ ಆ ಕಡೆಯ ಹಳೆಯ ಭಾಷೆಯ ಮೂಲದ್ದು. ನೀರಿನ ಆಳ ಅಳೆಯುವ ಸೌಂಡ್ ಮತ್ತೆ ಫ್ರೆಂಚಿನದು, ಆದರೆ ಬೇರೆ ಬುಡದ್ದು.

ನಮ್ಮಲ್ಲೂ ಹೀಗೆ ಆಗಿದೆ. ತಿಳಿ ಎಂಬ 'ಅರಿ'ಯನ್ನು ಹಳಗನ್ನಡದಲ್ಲಿ ಱಕಾರದಿಂದ ಬರೆಯುತ್ತಿದ್ದರು, ಕತ್ತರಿಸು ಎಂಬ 'ಅರಿ'ಯನ್ನು ರಕಾರದಿಂದ. ಱ ಬಿದ್ದುಹೋದ ಮೇಲೆ ಎರಡೂ ಒಂದೇ ಆದವು. ಶತ್ರು ಎಂಬ 'ಅರಿ' ಸಂಸ್ಕೃತದಿಂದ ಬಂದು ಜೊತೆಗೆ ಸೇರಿತು. ತುಂಗೆಗೆ ನೆರೆ ಬಂತು ಎಂದರೆ ನೆರೆಮನೆಯವರು ಬಂದರೆಂದು ಎಂದಾದರೂ ತಿಳಿದಿದ್ದೀಯಾ? ತುಂಗೆ ಎಂಬ ಪಕ್ಕದ ಪದವೇ ನಿನಗೆ ಸಾಕಾಯಿತು. ಇಷ್ಟನ್ನು ತಾನಾಗಿಯೇ ಮಾಡುವ ತಲೆಗೆ ಇಂಗ್ಲಿಷ್ ಹತ್ತದು ಎಂದರೆ ನಾನು ಹೇಗೆ ಒಪ್ಪಲಿ?

ಕಾಪಿಯಲ್ಲಿ ನಡುಗೆರೆ ಎಳೆದು ಎಡಕ್ಕೆ ಪದ, ಬಲಕ್ಕೆ ಒಂದೇ ಒಂದು ಅರ್ಥ ಬರೆಸುವುದು ನಮ್ಮ ಕಾಲದ ರೂಢಿ. ಅದು ನಿನ್ನ ತನಕವೂ ಉಳಿದು ಬಂತಲ್ಲ ಎಂಬ ಕೊರಗು ನನ್ನದು.

ದೂರದಲ್ಲಿ ಕೂತು ಬುದ್ಧಿ ಹೇಳುತ್ತಾರೆ ಎಂದುಕೊಳ್ಳಬೇಡ. ಒಂಟಿ ಪದ ಬರೆಯುವ ಬದಲು ಜೋಡಿ ಬರೆದಿಡು: ಸೌಂಡ್ ಸ್ಲೀಪ್, ಗಾಢ ನಿದ್ದೆ, ಸೌಂಡ್ ಅಡ್ವೈಸ್, ಸರಿಯಾದ ಸಲಹೆ, ಉಯಿಲಿನಲ್ಲಿ ಬರುವ ಸೌಂಡ್ ಮೈಂಡ್, ಸ್ವಸ್ಥಚಿತ್ತ. ಆದರೆ ಸೌಂಡ್ ವೇವ್ ಎಂದರೆ ಶಬ್ದದ ಅಲೆ. ಅನುಮಾನ ಬಂದರೆ ಹಿಂದೆ 'ವೆರಿ' ಹಚ್ಚಿ ನೋಡು. 'ವೆರಿ ಸೌಂಡ್ ಅಡ್ವೈಸ್' ಸರಿಹೋಗುತ್ತದೆ, 'ವೆರಿ ಸೌಂಡ್ ವೇವ್' ಹೊಂದುವುದಿಲ್ಲ. ಹೊಂದಿದರೆ ಅದು ಗುಣವಾಚಕ, ಅಲ್ಲಿ ಸದ್ದಿನ ಅರ್ಥ ಬರದು.

ದೊಡ್ಡ ನಿಘಂಟುಗಳಲ್ಲಿ ಪದದ ನೆತ್ತಿಯ ಮೇಲೆ ಪುಟ್ಟದಾಗಿ 1, 2, 3 ಎಂದಿದ್ದರೆ ಸಾಮಾನ್ಯವಾಗಿ ಅವು ಬೇರೆ ಬೇರೆ ಪದಗಳು. ಒಂದೇ ನಮೂದಿನ ಒಳಗಿನ ಅಂಕಿಗಳು ಒಂದೇ ಪದದ ಕವಲುಗಳು. ಮರದ ಬ್ರಾಂಚೂ ಬ್ಯಾಂಕಿನ ಬ್ರಾಂಚೂ ಹಾಗೆ. ಕವಲುಗಳನ್ನು ಬಾಯಿಪಾಠ ಮಾಡಬೇಕಿಲ್ಲ, ಊಹೆಗೆ ಸಿಗುತ್ತವೆ. ನೆತ್ತಿಯ ಅಂಕಿಯವನ್ನು ಮಾತ್ರ ಕಲಿತೇ ತೀರಬೇಕು.

ಪ್ಯಾಸೇಜಿನಲ್ಲಿ ಮತ್ತೆ ಎಲ್ಲಾದರೂ ತೊಡರಿದರೆ ನನಗೆ ಬರೆ. ಪದವೊಂದನ್ನೇ ಬರೆದರೆ ನನಗೂ ಅರ್ಥ ಹೇಳಲು ಬಾರದು, ಇಡೀ ವಾಕ್ಯ ಕಳಿಸು.

ನಿನ್ನ ದೊಡ್ಡಪ್ಪ