ಆ ಸಂಜೆ ನಿಮ್ಮಪ್ಪ ಏನಂದರು?

ಪ್ರೀತಿಯ ತಂಗಿ,

ನಿಮ್ಮಪ್ಪನ ಮಾತಿನ ಬಗ್ಗೆ ನೀನು ಕಳಿಸಿದ ಬರಹ ಎರಡು ಸಲ ಓದಿದೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಸೀಮೆಯ ಗುಡ್ಡಗಳು ಜರಿದಾಗ ನಿಮ್ಮ ಗದ್ದೆ ಮುಚ್ಚಿಹೋದದ್ದು, ಅರ್ಧ ಎಕರೆ ತೋಟ ಹಳ್ಳದ ಪಾಲಾದದ್ದು ಓದಿ ಪುಟ ಮಗುಚಲಾಗದೆ ಕೂತಿದ್ದೆ. ಆದರೆ ಕೊನೆಗೆ ‘ಮಣ್ಣು ನಂಬಿದೋರಿಗೆ ಮೋಸ ಇಲ್ಲ ಅನ್ನುವ ಅಪ್ಪನ ಮಾತೇ ನಮ್ಮನ್ನು ಕಾಯಿತು’ ಎಂದು ಬರೆದು ಮುಗಿಸಿಬಿಟ್ಟಿದ್ದೀಯ. ಆ ವಾಕ್ಯ ನನಗೆ ನಂಬಿಕೆ ಹುಟ್ಟಿಸಲಿಲ್ಲ. ಮಣ್ಣೇ ಕುಸಿದು ಮೈಮೇಲೆ ಬಂದ ದಿನ ಆ ಮಾತು ನಿಮ್ಮಪ್ಪನ ಬಾಯಿಂದ ಬಂತೇ? ಬರದಿದ್ದರೆ ಏನಂದರು? ನಿನ್ನ ಬರಹದ ಜೀವ ಅಲ್ಲಿದೆ, ಅದೊಂದನ್ನೇ ನೀನು ದಾಟಿಕೊಂಡು ಹೋಗಿದ್ದೀಯ.

ನಮ್ಮಪ್ಪನ ಒಂದು ಮಾತು ಹೇಳುತ್ತೇನೆ. ಸಕಲೇಶಪುರದ ಹತ್ತಿರ ನಮ್ಮದು ಮೂರು ಎಕರೆ ಅರೇಬಿಕಾ ಕಾಫಿ ತೋಟ. ನಾನು ಪಿಯುಸಿ ಮುಗಿಸಿದ ವರ್ಷ, 1997ರಲ್ಲಿ, ತೋಟಕ್ಕೆ ಬೋರರ್ ಹುಳು ಹೊಡೆಯಿತು. ನೆರಳು ತೆಳುವಾದ ಕಡೆ ಈ ಬಿಳಿ ಕಾಂಡಕೊರಕದ ದುಂಬಿ ತೊಗಟೆಯ ಸೀಳಿನಲ್ಲಿ ಮೊಟ್ಟೆ ಇಡುತ್ತದೆ, ಹುಳು ಒಳಗೊಳಗೇ ಕೊರೆಯುತ್ತಾ ಹೋಗುತ್ತದೆ. ಹೊರಗೆ ತೊಗಟೆ ಮೇಲೆ ಸಣ್ಣ ಏಣು ಎದ್ದಿರುತ್ತದೆ, ಅಷ್ಟೇ. ಎಲೆ ಹಳದಿಯಾಗುವ ಹೊತ್ತಿಗೆ ಗಿಡ ಮುಗಿದಿರುತ್ತದೆ, ಕಿತ್ತು ಸುಡಬೇಕು. ಅಪ್ಪ ಒಂದೊಂದೇ ಕಾಂಡವನ್ನು ಹೆಬ್ಬೆರಳಿನಿಂದ ಸವರುತ್ತಾ, ಏಣು ಸಿಕ್ಕಿದ ಗಿಡಕ್ಕೆ ಬಾಳೆನಾರು ಕಟ್ಟುತ್ತಾ ಮುಂದೆ ಹೋಗುತ್ತಿದ್ದರು. ನಾನು ಹಿಂದಿನಿಂದ ಎಣಿಸುತ್ತಾ ಬರಬೇಕು. ನೂರು ದಾಟಿದ ಮೇಲೆ ‘ಎಣಿಸೋದು ನಿಲ್ಸು’ ಅಂದರು. ಕಿತ್ತು ಒಟ್ಟಿ ಬೆಂಕಿ ಹಾಕಿದ ಸಂಜೆ, ಹಸಿ ಕಾಂಡ ಉರಿಯಲೊಲ್ಲದೆ ಬರೀ ಹೊಗೆ ಕಕ್ಕುತ್ತಿತ್ತು. ಅಪ್ಪ ಹಾರೆ ಊರಿ ನಿಂತು, ನನ್ನ ಮುಖ ನೋಡದೆ, ‘ಕಿತ್ತ ಗುಂಡಿ ಖಾಲಿ ಬಿಡಬಾರ್ದು ಕಣ್ಲಾ’ ಅಂದರು.

ಅವರು ಬುದ್ಧಿಮಾತು ಹೇಳಲು ನಿಂತಿರಲಿಲ್ಲ. ಜೂನ್ ಮಳೆಗೆ ಹೊಸ ಸಸಿ ಕೂರಿಸಬೇಕಿತ್ತು, ಅದರ ಲೆಕ್ಕ ಹಾಕುತ್ತಿದ್ದರು. ಆದರೆ ಮುಂದೆ ಅಮ್ಮ ತೀರಿಕೊಂಡ ವರ್ಷ, ಹಸ್ತಪ್ರತಿ ಮೂರು ಕಡೆಯಿಂದ ವಾಪಸು ಬಂದ ವರ್ಷ, ಬೆಳಿಗ್ಗೆ ನನ್ನನ್ನು ಎಬ್ಬಿಸಿ ಮೇಜಿನ ಮುಂದೆ ಕೂರಿಸಿದ್ದು ಆ ಮಾತೇ. ‘ಕೈ ಕೆಸರಾದರೆ ಬಾಯಿ ಮೊಸರು’ ಅಂತ ಶಾಲೆಯ ಗೋಡೆ ಮೇಲೆ ಏಳು ವರ್ಷ ಓದಿದ್ದೆ. ಕಷ್ಟದ ದಿನಗಳಲ್ಲಿ ಅದು ಒಮ್ಮೆಯೂ ನೆನಪಾಗಲಿಲ್ಲ. ಹೊಗೆ ಅಂಟಿಕೊಂಡಿದ್ದ ಮಾತು ನೆನಪಾಯಿತು.

ಇನ್ನೊಂದು ವಿಷಯ, ಇದನ್ನು ನಾನು ಹತ್ತು ವರ್ಷ ಬರೆಯಲಿಲ್ಲ. ಬೆಳೆದ ಕಾಫಿಯನ್ನು ಕಾಫಿ ಬೋರ್ಡಿಗೇ ಒಪ್ಪಿಸಬೇಕಿದ್ದ ಪೂಲ್ ಪದ್ಧತಿ ಹೋಗಿ 1996ರಲ್ಲಿ ಮಾರುಕಟ್ಟೆ ಪೂರ್ತಿ ಮುಕ್ತವಾದ ಹೊಸತರಲ್ಲಿ ಎಲ್ಲರ ಕೈಯಲ್ಲೂ ದುಡ್ಡಾಡುತ್ತಿತ್ತು. ಆದರೆ ಗುಂಡಿಗೆ ಕೂರಿಸಿದ ಸಸಿ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕಲ್ಲ. ನಮ್ಮವು ಕಾಯಿ ಹಿಡಿಯುವ ಹೊತ್ತಿಗೆ, 2001-02ರಲ್ಲಿ, ಬೆಲೆ ಕೊಯ್ಲಿನ ಕೂಲಿಗೂ ಹುಟ್ಟದಷ್ಟು ಬಿದ್ದಿತ್ತು. ಒಂದು ಎಕರೆ ಮಾರಿದೆವು. ತುಂಬಿಸಿದ ಗುಂಡಿಗಳೆಲ್ಲ ಆ ಎಕರೆಯಲ್ಲೇ ಇದ್ದವು. ಅದನ್ನು ಬರೆದರೆ ಅಪ್ಪನ ಮಾತನ್ನು ಸುಳ್ಳು ಮಾಡಿದ ಹಾಗಾಗುತ್ತದೆ ಎಂಬ ಅಳುಕು ನನಗೆ. ಕೊನೆಗೂ ಬರೆದಾಗ ‘ನಾವೂ ಮಾರಿದ್ವಿ’ ಅಂತ ಗುರುತಿಲ್ಲದವರೆಲ್ಲ ಕಾಗದ ಹಾಕಿದರು. ಮಾತು ನಿಮ್ಮನ್ನು ಗೆಲ್ಲಿಸಿತು ಎಂದು ರುಜುವಾತು ಕೊಡಲು ಹೋಗಬೇಡ ತಂಗಿ. ಎಷ್ಟೋ ಮನೆಗಳಲ್ಲಿ ಮಾತೂ ಇತ್ತು, ದುಡಿಮೆಯೂ ಇತ್ತು, ಆದರೂ ತೋಟ ಹೋಯಿತು. ಅವರೂ ನಿನ್ನನ್ನು ಓದುತ್ತಾರೆ.

ಅಮ್ಮನ ಮಾತನ್ನಂತೂ ನಾನೇ ಕೆಡಿಸಿದೆ. ಅವಳ ತವರು ಹಾಸನದ ಕಡೆಯ ಆಲೂಗೆಡ್ಡೆ ಊರು. ಅಂಗಮಾರಿ ರೋಗ ಬಿದ್ದರೆ ನಾಲ್ಕೇ ದಿನದಲ್ಲಿ ಹಸಿರು ಹೊಲ ಕರಕಲಾಗುವ ಬೆಳೆ ಅದು. ‘ಇವತ್ತಿನ ಒಲೆ ಇವತ್ತು ಹಚ್ಚು’ ಅನ್ನುತ್ತಿದ್ದಳು, ಆರಿದ್ರಾ ಮಳೆಯಲ್ಲಿ ತೊಯ್ದ ಸೌದೆಗೆ ಊದುಗೊಳವೆ ಇಟ್ಟು ಊದಿ ಊದಿ ಕೆಮ್ಮುತ್ತಾ. ನಾನು ಅದನ್ನು ‘ವರ್ತಮಾನದಲ್ಲಿ ಬದುಕಬೇಕು’ ಎಂದು ತಿದ್ದಿ ಬರೆದೆ. ಒಲೆ ಹೋಯಿತು, ಕೆಮ್ಮು ಹೋಯಿತು, ಅಮ್ಮನೂ ಹೋದಳು. ನೀನು ‘ನಂಬಿದೋರಿಗೆ’ ಎಂದೇ ಬರೆದದ್ದು ಸರಿಯಾಗಿದೆ. ಯಾರಾದರೂ ‘ನಂಬಿದವರಿಗೆ’ ಎಂದು ತಿದ್ದಿದರೆ ಒಪ್ಪಬೇಡ.

ಈಗ ಊರಿಗೆ ಹೋಗು. ಮೊಬೈಲು, ನೋಟ್‌ಬುಕ್ಕು ಒಳಗಿಟ್ಟು, ಅಪ್ಪ ಬೇಲಿಯನ್ನೋ ಕತ್ತಿಯನ್ನೋ ಸರಿಮಾಡುತ್ತಾ ಕೂತಿರುವಾಗ ಪಕ್ಕದಲ್ಲಿ ಕೂತು, ಆ ಸಂಜೆ ಏನಂದಿರಿ ಅಂತ ಕೇಳು. ‘ಏನೂ ಅನ್ನಲಿಲ್ಲ’ ಅಂದರೆ ಅದನ್ನೇ ಬರೆ. ಏನೂ ಅನ್ನದೆ ಏನು ಮಾಡಿದರು? ಕೊಟ್ಟಿಗೆಗೆ ಹೋಗಿ ದನ ಎಣಿಸಿದರೇ, ಹಂಡೆಗೆ ನೀರು ತುಂಬಿದರೇ? ಅವರಿಗೆ ಆಗ ಎಷ್ಟು ಭಯವಾಗಿತ್ತು ಅಂತಲೂ ಕೇಳು. ನಮಗೆ ಧೈರ್ಯ ಹೇಳಿದ ಎಷ್ಟೋ ಮಾತುಗಳನ್ನು ಅವರು ತಮಗೆ ತಾವೇ ಹೇಳಿಕೊಂಡಿರುತ್ತಾರೆ. ನಿಮ್ಮಮ್ಮನನ್ನು ಬೇರೆಯಾಗಿ ಕೇಳು, ಅವರ ನೆನಪು ಬೇರೆಯಿರುತ್ತದೆ. ಎರಡೂ ಇರಲಿ.

ಮುಂಗಾರು ಹಿಡಿಯುವ ಮೊದಲೇ ಹೋಗಿ ಬಾ. ಹೆಂಚಿನ ಮೇಲೆ ಮಳೆ ಶುರುವಾದರೆ ಆ ಮನೆಯಲ್ಲಿ ಯಾರಿಗೂ ಆ ದಿನದ ಮಾತೆತ್ತಲು ಮನಸ್ಸು ಬರಲಿಕ್ಕಿಲ್ಲ.

ನಿನ್ನ ಅಣ್ಣ,
ಸಕಲೇಶಪುರ